ಕೆಲಸವಿಲ್ಲದ ಕಾರ್ಡಿನ ಊಟದ ಲೆಕ್ಕ

(ಲಿನಕ್ಸ್ ಗಣಕಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್ ಬಳಕೆ ಕುರಿತು ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ವಿದ್ಯುತ್ತಿನ ವಿಷಯ ಬಂದಾಗ ನಮ್ಮ ಸಭೆಗಳಲ್ಲಿ ಅಣೆಕಟ್ಟು, ಸ್ಥಾವರ, ತಂತಿಮಾರ್ಗಗಳ ಮಾತು ಬರುವುದು ವಾಡಿಕೆ. ಇಂದಿನ ವಿಷಯ ಅವುಗಳ ಮುಂದೆ ತೀರ ಚಿಕ್ಕದು. ಗಣಕಯಂತ್ರದ ಪೆಟ್ಟಿಗೆಯೊಳಗೆ ಕುಳಿತಿರುವ ಗೇಣುದ್ದದ ಒಂದು ಹಲಗೆ, ಅಂದರೆ ಗ್ರಾಫಿಕ್ಸ್ ಕಾರ್ಡ್, ತನಗೆ ಹೇಳಿಕೊಳ್ಳುವಂಥ ಕೆಲಸವಿಲ್ಲದ ವೇಳೆಯಲ್ಲಿ ಎಷ್ಟು ವಿದ್ಯುತ್ತನ್ನು ಬಳಸುತ್ತದೆ, ಲಿನಕ್ಸ್ ವ್ಯವಸ್ಥೆಯಲ್ಲಿ ಅದನ್ನು ಹೇಗೆ ತಗ್ಗಿಸಬಹುದು ಎಂಬುದಷ್ಟೇ ನನಗೆ ಒಪ್ಪಿಸಿರುವ ವಿಷಯ.

ಇದರಿಂದ ಒಂದು ನದಿ ಉಳಿಯುತ್ತದೆಂದು ನಾನು ಹೇಳಲಾರೆ. ಹಾಗೆ ಹೇಳುವವರನ್ನು ನಂಬಲೂ ಬೇಡಿ. ಆದರೆ ರಾಜ್ಯದ ಜಾಲಕ್ಕೆ ಬರುವ ಯೂನಿಟ್ಟುಗಳಲ್ಲಿ ಶರಾವತಿಯ ನೀರಿದೆ, ಕಾಳಿಯ ನೀರಿದೆ, ಕೈಗಾದ ಅಣುವಿದೆ, ರಾಯಚೂರು ಬಳ್ಳಾರಿಗಳಲ್ಲಿ ಸುಡುವ ಕಲ್ಲಿದ್ದಲಿದೆ, ಪಾವಗಡದ ಬಿಸಿಲೂ ಇದೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದ ಮೇಲೆ ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಇಂಥ ಸಭೆಗಳಲ್ಲಿ ಎಂದೂ ಇರುತ್ತಾರೆ. ಯೂನಿಟ್ಟು ಎಂಬುದು ಗೋಡೆಯ ತೂತಿನಿಂದ ಹುಟ್ಟುವುದಿಲ್ಲವೆಂದು ಅವರಿಗೆ ನಾನು ವಿವರಿಸಬೇಕಾಗಿಲ್ಲ.

ಲೆಕ್ಕದಿಂದ ಆರಂಭಿಸೋಣ. ಒಂದು ಕಾರ್ಡು ಅಗತ್ಯಕ್ಕಿಂತ 30 ವ್ಯಾಟ್ ಹೆಚ್ಚು ತಿನ್ನುತ್ತಿದೆ ಎಂದಿಟ್ಟುಕೊಳ್ಳಿ. ದಿನಕ್ಕೆ 8 ಗಂಟೆಯಂತೆ ವರ್ಷದಲ್ಲಿ 250 ದಿನ ಗಣಕ ನಡೆದರೆ ಅದು 60 ಯೂನಿಟ್ಟಾಗುತ್ತದೆ. ಹಗಲಿರುಳೂ ಆರದೆ ನಡೆಯುವ ಗಣಕದಲ್ಲಾದರೆ ಸುಮಾರು 263 ಯೂನಿಟ್ಟು. ದೇಶದ ಜಾಲದ ಸರಾಸರಿ ಹಿಡಿದರೆ ಒಂದು ಯೂನಿಟ್ಟಿನ ಹಿಂದೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಹಾಗಾಗಿ ಆ 60 ಯೂನಿಟ್ಟುಗಳು ವರ್ಷಕ್ಕೆ 42 ಕಿಲೋಗ್ರಾಂ ಹೊಗೆಗೆ ಸಮ. ಪೇಟೆಯ ಮನೆಯಲ್ಲಿ ಕುಳಿತವನಿಗೆ ಇದು ಬಿಲ್ಲಿನಲ್ಲಿ ಕೆಲವು ನೂರು ರೂಪಾಯಿಗಳ ವಿಷಯ, ಅಷ್ಟೆ.

ಗುಡ್ಡದ ಮೇಲಿನ ಮನೆಗೆ ಈ ಲೆಕ್ಕ ಬೇರೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಮೂರು ದಿನ ಕರೆಂಟಿಲ್ಲ. ಆಗ ಮನೆಯಲ್ಲಿರುವುದು ಇನ್ವರ್ಟರು, 12 ವೋಲ್ಟಿನ 150 ಆಂಪಿಯರ್ ಗಂಟೆಯ ಒಂದು ಬ್ಯಾಟರಿ. ಅದರ ಅರ್ಧವನ್ನಷ್ಟೇ ಬಳಸಿ, ಇನ್ವರ್ಟರಿನ ನಷ್ಟವನ್ನು ಕಳೆದರೆ ಕೈಗೆ ಸಿಗುವುದು ಸುಮಾರು 720 ವ್ಯಾಟ್ ಗಂಟೆ. ಪರದೆಯೂ ಸೇರಿ ನೂರು ವ್ಯಾಟ್ ಎಳೆಯುವ ಗಣಕಕ್ಕೆ ಅದು ಏಳು ಗಂಟೆ ಬರುತ್ತದೆ. ಅದೇ ಗಣಕವನ್ನು ಎಪ್ಪತ್ತು ವ್ಯಾಟಿಗೆ ಇಳಿಸಿದರೆ ಹತ್ತು ಗಂಟೆ ಬರುತ್ತದೆ. ಪರೀಕ್ಷೆಗೆ ಓದುವ ವಿದ್ಯಾರ್ಥಿಗೆ ಆ ಮೂರು ಗಂಟೆ ಏನೆಂದು ನಾನು ಹೇಳಬೇಕಿಲ್ಲ.

ಹಳ್ಳದ ನೀರಿನಿಂದಲೇ ವಿದ್ಯುತ್ ಮಾಡಿಕೊಂಡ ಮನೆಗಳಲ್ಲಿ ಸಂಗತಿ ಇನ್ನೂ ಸ್ಪಷ್ಟ. ಹತ್ತು ಮೀಟರ್ ಎತ್ತರದಿಂದ ಸೆಕೆಂಡಿಗೆ ಐದು ಲೀಟರ್ ನೀರು ಬೀಳುತ್ತಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 490 ವ್ಯಾಟ್. ಚಿಕ್ಕ ಟರ್ಬೈನು ಅದರಲ್ಲಿ ಅರ್ಧವನ್ನು ವಿದ್ಯುತ್ತಾಗಿಸಿದರೆ ದೊಡ್ಡ ಮಾತು. ಮಾರ್ಚ್ ತಿಂಗಳಿನಲ್ಲಿ ನೀರು ಎರಡು ಲೀಟರಿಗೆ ಇಳಿದಾಗ ಒಟ್ಟು ಸಿಗುವುದು ನೂರು ವ್ಯಾಟಿಗೂ ಕಡಿಮೆ. ಅದರಲ್ಲಿ ಮೂವತ್ತನ್ನು ಏನನ್ನೂ ಮಾಡದ ಕಾರ್ಡಿಗೆ ಕೊಡುವುದೆಂದರೆ ಮೂರರಲ್ಲೊಂದು ಪಾಲನ್ನು ಬಚ್ಚಲಿಗೆ ಬಿಟ್ಟಂತೆ. ಇಲ್ಲಿ ಒಂದು ಮಾತು ಸೇರಿಸಬೇಕು. ಆಷಾಢದಲ್ಲಿ ಹಳ್ಳ ತುಂಬಿ ಹರಿಯುವಾಗ ನಿಮ್ಮ ಲೋಡ್ ಕಂಟ್ರೋಲರು ಮಿಕ್ಕ ವಿದ್ಯುತ್ತನ್ನು ಹೀಟರಿನ ಕಾಯಿಲಿಗೆ ಕಳಿಸಿ ಸುಡುತ್ತಿರುತ್ತದೆ. ಆಗ ಗಣಕದಲ್ಲಿ ಮಾಡಿದ ಉಳಿತಾಯ ಯಾರಿಗೂ ಸಲ್ಲುವುದಿಲ್ಲ. ಉಳಿತಾಯಕ್ಕೂ ಋತುಮಾನವಿದೆ.

ಇನ್ನು ಕಾರ್ಡಿನ ಒಳಗನ್ನು ನೋಡೋಣ. ಕಾರ್ಡಿನಲ್ಲಿ ಎರಡು ಮುಖ್ಯ ಭಾಗಗಳು: ಲೆಕ್ಕ ಮಾಡುವ ಚಿಪ್ಪು ಮತ್ತು ಚಿತ್ರವನ್ನು ಹಿಡಿದಿಡುವ ಮೆಮೊರಿ. ಎರಡಕ್ಕೂ ತಮ್ಮ ತಮ್ಮ ಗಡಿಯಾರದ ವೇಗವಿದೆ. ಕೆಲಸ ಹೆಚ್ಚಾದಾಗ ವೇಗವನ್ನೂ ವೋಲ್ಟೇಜನ್ನೂ ಏರಿಸಿ, ಕೆಲಸವಿಲ್ಲದಾಗ ಇಳಿಸುವುದು ಡ್ರೈವರ್ ಎಂಬ ಚಾಲಕ ತಂತ್ರಾಂಶದ ಹೊಣೆ. ಎಲ್ಲವೂ ಸರಿಯಾಗಿದ್ದರೆ ಮಧ್ಯಮ ದರ್ಜೆಯ ಕಾರ್ಡು ಸುಮ್ಮನಿರುವಾಗ ಐದರಿಂದ ಹದಿನೈದು ವ್ಯಾಟಿನಲ್ಲಿ ಕಾಲ ಕಳೆಯುತ್ತದೆ. ಸರಿಯಿಲ್ಲದಿದ್ದರೆ ಮೂವತ್ತು, ನಲವತ್ತು, ಕೆಲವೊಮ್ಮೆ ಅದಕ್ಕೂ ಮೇಲೆ. ಎಲ್ಲಿ ಸರಿಯಿಲ್ಲ ಎಂಬುದನ್ನು ಊಹೆಯಿಂದ ಹೇಳಲಾಗದು. ಅಳೆಯಬೇಕು.

ಅಳೆಯಲು ಎರಡು ದಾರಿಗಳಿವೆ. ಗೋಡೆಯ ಪ್ಲಗ್ಗಿಗೂ ಗಣಕಕ್ಕೂ ನಡುವೆ ಇಡುವ ವಿದ್ಯುತ್ ಮಾಪಕ ಇಡೀ ಪೆಟ್ಟಿಗೆಯ ಲೆಕ್ಕ ಕೊಡುತ್ತದೆ. ಕಾರ್ಡಿನ ಒಳಗಿನ ಅಳತೆಗೆ ಲಿನಕ್ಸ್ ಆಜ್ಞೆಗಳಿವೆ. ಎನ್ವಿಡಿಯಾ ಕಾರ್ಡಾದರೆ ಅವರದೇ ಡ್ರೈವರಿನ ಜೊತೆ ಬರುವ 'ಎನ್ವಿಡಿಯಾ-ಎಸ್‌ಎಂಐ', ಎಎಂಡಿ ಕಾರ್ಡಾದರೆ 'ಸೆನ್ಸರ್ಸ್' ಎಂಬ ಆಜ್ಞೆ. ಎರಡಕ್ಕೂ ಒಗ್ಗುವ 'ಎನ್‌ವಿಟಾಪ್' ಎಂಬ ಉಪಕರಣವೂ ಇದೆ. ಇವುಗಳನ್ನು ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದೇನೆ. ವಿದ್ಯಾರ್ಥಿಗಳು ಬರೆದುಕೊಳ್ಳಬೇಕು, ಒಂದು ಅಕ್ಷರ ತಪ್ಪಿದರೂ ಗಣಕ ಒಪ್ಪುವುದಿಲ್ಲ. ಕಾರ್ಡು ತಾನೇ ಹೇಳುವ ಅಂಕಿಯನ್ನು ಪೂರ್ತಿ ನಂಬಬೇಡಿ. ಕೆಲವು ಎಎಂಡಿ ಕಾರ್ಡುಗಳು ಚಿಪ್ಪಿನ ಲೆಕ್ಕವನ್ನು ಹೇಳುತ್ತವೆಯೇ ಹೊರತು ಇಡೀ ಹಲಗೆಯದ್ದನ್ನಲ್ಲ. ಜೊತೆಗೆ ಗಣಕದ ಪವರ್ ಸಪ್ಲೈಯಲ್ಲೂ ನಷ್ಟವಿರುವುದರಿಂದ ಕಾರ್ಡಿನಲ್ಲಿ ಉಳಿಸಿದ 20 ವ್ಯಾಟ್ ಗೋಡೆಯ ಮಾಪಕದಲ್ಲಿ ಅದಕ್ಕಿಂತ ತುಸು ಹೆಚ್ಚಾಗಿಯೇ ಕಾಣುತ್ತದೆ. ಅಂತಿಮ ನ್ಯಾಯ ಗೋಡೆಯ ಮಾಪಕದ್ದು.

ಅಳತೆಗೆ ಮುನ್ನ ಎಲ್ಲ ಕಿಟಕಿಗಳನ್ನೂ ಮುಚ್ಚಿ ಐದು ನಿಮಿಷ ಗಣಕವನ್ನು ಮುಟ್ಟದೆ ಬಿಡಿ. ಆಮೇಲೆ ಬಂದ ಅಂಕಿ ಹೆಚ್ಚಾಗಿದ್ದರೆ ಕಾರಣ ಹುಡುಕಬೇಕು.

ಬಹಳಷ್ಟು ಗಣಕಗಳಲ್ಲಿ ಸಿಕ್ಕಿಬೀಳುವ ಕಳ್ಳ ಮೆಮೊರಿಯ ವೇಗ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇದು ಅರ್ಥವಾದರೆ ಮಿಕ್ಕದ್ದು ಸುಲಭ.

ಪರದೆಯ ಮೇಲೆ ಏನೂ ಅಲ್ಲಾಡದಿದ್ದರೂ ಕಾರ್ಡು ಆ ಚಿತ್ರವನ್ನು ಸೆಕೆಂಡಿಗೆ ಅರವತ್ತು ಸಲ ಮೆಮೊರಿಯಿಂದ ಓದಿ ಪರದೆಗೆ ಕಳಿಸುತ್ತಲೇ ಇರಬೇಕು. ಅಗಲಕ್ಕೆ 1920, ಎತ್ತರಕ್ಕೆ 1080 ಚುಕ್ಕೆಗಳ ಪರದೆಗೆ, ಒಂದು ಚುಕ್ಕೆಗೆ ನಾಲ್ಕು ಬೈಟಿನಂತೆ, ಸೆಕೆಂಡಿಗೆ ಸುಮಾರು 50 ಕೋಟಿ ಬೈಟ್ ಓದಬೇಕು. ಕೇಳಲು ಭಾರಿ ಎನಿಸಿದರೂ ಈ ಹರಿವಿಗೆ ಮೆಮೊರಿಯ ಅತಿ ಕಡಿಮೆ ವೇಗವೇ ಸಾಕು. ತೊಂದರೆ ಇರುವುದು ವೇಗವನ್ನು ಬದಲಾಯಿಸುವ ಕ್ಷಣದಲ್ಲಿ. ಆ ಕ್ಷಣದಲ್ಲಿ ಮೆಮೊರಿಯಿಂದ ಓದಲಾಗುವುದಿಲ್ಲ. ಓದು ನಿಂತರೆ ಪರದೆ ಮಿನುಗುತ್ತದೆ. ಆದ್ದರಿಂದ ಒಂದು ಚಿತ್ರ ಕಳಿಸಿ ಮುಗಿದು ಮುಂದಿನದು ಶುರುವಾಗುವ ನಡುವಿನ ಪುಟ್ಟ ಬಿಡುವಿನಲ್ಲೇ ವೇಗ ಬದಲಾಗಬೇಕು.

ಅಬ್ಬಿ ನೀರನ್ನು ಅಡಿಕೆ ದಬ್ಬೆಯಲ್ಲಿ ಹಾಯಿಸಿ ಕೊಡ ತುಂಬುವುದನ್ನು ನೆನೆಯಿರಿ. ದೊಡ್ಡ ದಬ್ಬೆ ತೆಗೆದು ಸಣ್ಣದನ್ನಿಡಬೇಕೆಂದರೆ, ಒಂದು ಕೊಡ ತುಂಬಿ ಇನ್ನೊಂದನ್ನು ಇಡುವ ನಡುವೆ ಇಡಬೇಕು. ಒಂದೇ ಕೊಡವಾದರೆ ಆ ಬಿಡುವು ಸಿಗುತ್ತದೆ. ಇಬ್ಬರು ಬಂದು ಒಂದೇ ದಬ್ಬೆಗೆ ಎರಡು ಕೊಡ ಹಿಡಿದು, ಒಬ್ಬರದ್ದು ತುಂಬುವಾಗ ಇನ್ನೊಬ್ಬರದ್ದು ಅರ್ಧವಾಗಿದ್ದರೆ ದಬ್ಬೆ ಬದಲಿಸುವ ಕ್ಷಣವೇ ಬರುವುದಿಲ್ಲ. ಗಣಕಕ್ಕೆ ಎರಡು ಬೇರೆ ಬೇರೆ ಬಗೆಯ ಪರದೆಗಳನ್ನು ಜೋಡಿಸಿದಾಗ ಆಗುವುದು ಇದೇ. ಒಂದರ ಬಿಡುವು ಇನ್ನೊಂದರ ಬಿಡುವಿಗೆ ಹೊಂದುವುದಿಲ್ಲ. ಡ್ರೈವರು ಅಪಾಯ ಬೇಡವೆಂದು ಮೆಮೊರಿಯನ್ನು ಸದಾ ಅತಿ ಹೆಚ್ಚಿನ ವೇಗದಲ್ಲೇ ಇಟ್ಟುಬಿಡುತ್ತದೆ. ಒಂದೇ ಪರದೆಯಿದ್ದರೂ ಅದು ಸೆಕೆಂಡಿಗೆ 144 ಸಲ ಬರೆಯುವಂಥದ್ದಾದರೆ ಬಿಡುವು ತೀರ ಕಿರಿದಾಗಿ ಇದೇ ಫಲ ಬರಬಹುದು.

ಹಳೆಯ ಮಾರುಕಟ್ಟೆಯಲ್ಲಿ ನಮ್ಮ ಹುಡುಗರಿಗೆ ಸುಲಭವಾಗಿ ಸಿಗುವ, 2017ರಲ್ಲಿ ಬಂದ ಎಎಂಡಿ ಆರ್‌ಎಕ್ಸ್ 580 ಕಾರ್ಡನ್ನೇ ತೆಗೆದುಕೊಳ್ಳಿ. ಅದರ ಮೆಮೊರಿಗೆ 300, 1000, 2000 ಮೆಗಾಹರ್ಟ್ಸ್ ಎಂಬ ಮೂರು ಮೆಟ್ಟಿಲುಗಳು. ಕಾರ್ಡಿನ ಕಡತಗಳಿರುವ 'ಸಿಸ್' ಕೋಶದೊಳಗೆ 'ಪಿಪಿ_ಡಿಪಿಎಂ_ಎಂಕ್ಲಾಕ್' ಎಂಬ ಕಡತವಿದೆ. ಅದನ್ನು ತೆರೆದರೆ ಮೂರು ಸಾಲು ಕಾಣುತ್ತವೆ. ಯಾವ ಸಾಲಿನ ಮುಂದೆ ನಕ್ಷತ್ರದ ಗುರುತಿದೆಯೋ ಈಗ ಕಾರ್ಡು ಆ ಮೆಟ್ಟಿಲಿನಲ್ಲಿದೆ. ಸುಮ್ಮನಿರುವಾಗ ನಕ್ಷತ್ರ 300ರ ಮುಂದಿರಬೇಕು. 2000ದ ಮುಂದೆ ಕೂತು ಕದಲದಿದ್ದರೆ ರೋಗ ತಿಳಿಯಿತೆಂದು ಅರ್ಥ. ಎನ್ವಿಡಿಯಾ ಕಾರ್ಡಿನಲ್ಲಿ ಇದನ್ನೇ ಪಿ0, ಪಿ2, ಪಿ8 ಎಂಬ ಸ್ಥಿತಿಗಳಾಗಿ ತೋರಿಸಲಾಗುತ್ತದೆ. ಪಿ0 ಪೂರ್ಣ ವೇಗ, ಪಿ8 ಸಾಮಾನ್ಯವಾಗಿ ವಿಶ್ರಾಂತಿಯ ಸ್ಥಿತಿ.

ಮದ್ದು ಸರಳ. 144ರ ಪರದೆಯನ್ನು 120ಕ್ಕೋ 60ಕ್ಕೋ ಇಳಿಸಿ ನಕ್ಷತ್ರ ಕೆಳಗಿಳಿಯುತ್ತದೆಯೇ ನೋಡಿ. ಹಳೆಯ ಎಕ್ಸ್ ವ್ಯವಸ್ಥೆಯಲ್ಲಿ 'ಎಕ್ಸ್‌ರಾಂಡರ್' ಆಜ್ಞೆಯಿಂದಲೂ, ವೇಲ್ಯಾಂಡ್ ಇದ್ದರೆ ಪರದೆಯ ಸೆಟ್ಟಿಂಗ್ಸಿನಲ್ಲೂ ಇದನ್ನು ಮಾಡಬಹುದು. ಎರಡು ಪರದೆಗಳಿದ್ದರೆ ಎರಡಕ್ಕೂ ಒಂದೇ ಅಳತೆ, ಒಂದೇ ವೇಗ ಕೊಡಿ. ಒಂದರಲ್ಲಿ 60.00, ಇನ್ನೊಂದರಲ್ಲಿ 59.94 ಎಂದಿದ್ದರೂ ಸಾಲದು, ತಾಳ ತಪ್ಪುತ್ತದೆ. ಹಾಗೂ ಆಗದಿದ್ದರೆ ಎರಡನೆಯ ಪರದೆಯ ತಂತಿಯನ್ನು ಕಾರ್ಡಿನಿಂದ ಕಿತ್ತು ಮದರ್‌ಬೋರ್ಡಿನ ಕಿಂಡಿಗೆ ಹಾಕಿ. ಪ್ರೊಸೆಸರಿನೊಳಗೇ ಚಿತ್ರದ ವ್ಯವಸ್ಥೆ ಇದ್ದರೆ ಆ ಪರದೆಯನ್ನು ಅದೇ ನಡೆಸುತ್ತದೆ, ಕಾರ್ಡಿಗೆ ಒಂದೇ ಕೊಡ ಉಳಿಯುತ್ತದೆ.

ಇದು ಬಡವರ ಹಳೆಯ ಕಾರ್ಡುಗಳ ರೋಗ ಮಾತ್ರವೆಂದು ತಿಳಿಯಬೇಡಿ. 2022ರ ಡಿಸೆಂಬರಿನಲ್ಲಿ ಎಎಂಡಿ ಬಿಡುಗಡೆ ಮಾಡಿದ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಎಂಬ ದುಬಾರಿ ಕಾರ್ಡು, ಎರಡು ಪರದೆ ಹಾಕಿ ಸುಮ್ಮನೆ ಬಿಟ್ಟಾಗ ನೂರು ವ್ಯಾಟಿನ ಆಸುಪಾಸು ಬಳಸುತ್ತಿದ್ದುದನ್ನು ಪರೀಕ್ಷಕರು ಅಳೆದು ತೋರಿಸಿದರು. ಕಂಪನಿಯೂ ತನ್ನ ಡ್ರೈವರಿನ ಟಿಪ್ಪಣಿಗಳಲ್ಲಿ ಇದನ್ನು ತಿಳಿದಿರುವ ದೋಷವೆಂದು ನಮೂದಿಸಿ, 2023ರ ಉದ್ದಕ್ಕೂ ಹಂತ ಹಂತವಾಗಿ ತಗ್ಗಿಸಿತು. ಕಾರ್ಡು ಅದೇ, ಯಂತ್ರ ಅದೇ. ಬದಲಾದದ್ದು ತಂತ್ರಾಂಶ. ಆದ್ದರಿಂದ ಬೇರೆ ಏನು ಮಾಡುವ ಮುನ್ನವೂ ಲಿನಕ್ಸಿನ ಕರ್ನಲ್ಲನ್ನು ಹೊಸದಾಗಿಸುವುದು ಒಳ್ಳೆಯದು. ಎಎಂಡಿಯ ಹಳೆಯ ರೇಡಿಯಾನ್ ಕಾರ್ಡುಗಳಲ್ಲಿ ವೇಗ ತಾನಾಗಿ ಏರಿಳಿಯುವ ಅನುಕೂಲ ಮುಕ್ತ ಡ್ರೈವರಿಗೆ ಬಂದದ್ದೇ 2013ರಲ್ಲಿ. ಅದಕ್ಕೂ ಮೊದಲು ಲಿನಕ್ಸ್ ಬಳಸಿದವರ ಕಾರ್ಡುಗಳು ವೃಥಾ ಬಿಸಿಯಾಗುತ್ತಿದ್ದವು.

ಡ್ರೈವರಿನ ಮಾತು ಬಂದದ್ದರಿಂದ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸುತ್ತೇನೆ. ಕಾರ್ಡು ಬೇಡವೆಂದಾದರೆ ಅದರ ಡ್ರೈವರನ್ನು ತೆಗೆದುಬಿಟ್ಟರೆ ವಿದ್ಯುತ್ ಉಳಿಯುತ್ತದೆಂದು ಹಲವರು ನಂಬಿದ್ದಾರೆ. ಸಾಮಾನ್ಯವಾಗಿ ಆಗುವುದು ಇದಕ್ಕೆ ತದ್ವಿರುದ್ಧ. ಕಾರ್ಡನ್ನು ಮಲಗಿಸುವವನೇ ಡ್ರೈವರು. ಅವನನ್ನು ಮನೆಯಿಂದ ಹೊರಗೆ ಹಾಕಿದರೆ ಗಣಕ ಆರಂಭವಾದಾಗ ಯಾವ ಸ್ಥಿತಿಯಲ್ಲಿತ್ತೋ ಅದೇ ಸ್ಥಿತಿಯಲ್ಲಿ ಕಾರ್ಡು ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ. ಎನ್ವಿಡಿಯಾದ ಮುಕ್ತ ಡ್ರೈವರಾದ ನೂವೋಗೆ ಇನ್ನೊಂದು ಕಷ್ಟವಿದೆ. 2014ರ ನಂತರದ 900 ಮತ್ತು 1000 ಸರಣಿಯ ಕಾರ್ಡುಗಳಲ್ಲಿ ಕಂಪನಿಯ ಮುದ್ರೆಯಿರುವ ಫರ್ಮ್‌ವೇರ್ ಇಲ್ಲದೆ ವೇಗ ಬದಲಿಸಲು ಬರುವುದಿಲ್ಲ. ಆ ಕಾರ್ಡುಗಳನ್ನು ನೂವೋ ಆರಂಭದ ವೇಗದಲ್ಲೇ ನಡೆಸುತ್ತದೆ. ಅದಕ್ಕೂ ಹೊಸದಾದ, 2018ರ ಟ್ಯೂರಿಂಗ್ ಮತ್ತು ಆನಂತರದ ಕಾರ್ಡುಗಳಿಗೆ 2024ರ ಜನವರಿಯಲ್ಲಿ ಬಂದ 6.7ನೆಯ ಕರ್ನಲ್ಲಿನಿಂದ ದಾರಿ ತೆರೆಯತೊಡಗಿತು. ಮುಕ್ತ ತಂತ್ರಾಂಶದ ಪಕ್ಷಪಾತಿಯಾಗಿಯೂ ಹೇಳುತ್ತೇನೆ, 900 ಅಥವಾ 1000 ಸರಣಿಯ ಕಾರ್ಡಿದ್ದವರು ವಿದ್ಯುತ್ ಉಳಿಸಬೇಕಾದರೆ ಕಂಪನಿಯ ಡ್ರೈವರನ್ನೇ ಹಾಕಿಕೊಳ್ಳಬೇಕು.

ಎಲ್ಲಕ್ಕಿಂತ ಒಳ್ಳೆಯ ಉಪಾಯ, ದಿನನಿತ್ಯದ ಕೆಲಸಕ್ಕೆ ಕಾರ್ಡನ್ನೇ ಎಬ್ಬಿಸದಿರುವುದು. ಪತ್ರ ಬರೆಯಲು, ಲೆಕ್ಕ ಇಡಲು, ಪಾಠದ ವಿಡಿಯೊ ನೋಡಲು ಪ್ರೊಸೆಸರಿನೊಳಗಿನ ಚಿತ್ರವ್ಯವಸ್ಥೆ ಧಾರಾಳವಾಗಿ ಸಾಕು. ಪರದೆಯ ತಂತಿಯನ್ನು ಮದರ್‌ಬೋರ್ಡಿಗೆ ಹಾಕಿ, ಭಾರಿ ಕೆಲಸಕ್ಕೆ ಮಾತ್ರ 'ಡಿಆರ್‌ಐ_ಪ್ರೈಮ್' ಎಂಬ ಸೂಚನೆಯಿಂದ ಕಾರ್ಡನ್ನು ಕರೆಯಬಹುದು. ಪರದೆ ಜೋಡಿಸದ ಹಲವು ಎಎಂಡಿ ಕಾರ್ಡುಗಳನ್ನು ಇಂದಿನ ಕರ್ನಲ್ಲು ಕೆಲವು ಸೆಕೆಂಡುಗಳಲ್ಲೇ ತಾನಾಗಿ ಮಲಗಿಸುತ್ತದೆ. ಈ ಸ್ಥಿತಿಗೆ ಬ್ಯಾಕೊ ಎಂದು ಹೆಸರು. ತಂತಿಯ ಸಂಪರ್ಕ ಎಚ್ಚರವಿದ್ದು ಚಿಪ್ಪು ಆರಿರುತ್ತದೆ. ಎನ್ವಿಡಿಯಾದಲ್ಲಿ ಇಂಥ ಪೂರ್ಣ ನಿದ್ರೆ ಮುಖ್ಯವಾಗಿ ಲ್ಯಾಪ್‌ಟಾಪುಗಳಿಗೆಂದು ಮಾಡಿದ್ದು. ಪ್ರೊಸೆಸರಿನಲ್ಲಿ ಚಿತ್ರವ್ಯವಸ್ಥೆ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರವಿದ್ದರೆ ಇಲ್ಲ. ಎಎಂಡಿ ರೈಜನ್‌ನಲ್ಲಿ 2022ರ 7000 ಸರಣಿಗಿಂತ ಹಿಂದಿನವಾದರೆ ಜಿ ಅಕ್ಷರವಿರುವವುಗಳಲ್ಲಿ ಮಾತ್ರ ಇದೆ.

ಕಾರ್ಡು ಮಲಗಿದೆಯೇ ಎಂದು ತಿಳಿಯಲು 'ರನ್‌ಟೈಮ್_ಸ್ಟೇಟಸ್' ಎಂಬ ಕಡತವನ್ನು ಓದಿ, 'ಸಸ್ಪೆಂಡೆಡ್' ಎಂದಿದ್ದರೆ ಮಲಗಿದೆ. ಮಾಪನದ ಆಜ್ಞೆಗಳನ್ನು ಪದೇ ಪದೇ ಓಡಿಸಬಾರದು, ಏಕೆಂದರೆ ಅವೇ ಕಾರ್ಡನ್ನು ಎಬ್ಬಿಸುವುದುಂಟು. ಮಗುವಿಗೆ ನಿದ್ದೆ ಬಂತೇ ಎಂದು ಅಲುಗಾಡಿಸಿ ಕೇಳಿದ ಹಾಗೆ.

ಇನ್ನು ಕಾರ್ಡನ್ನು ಎಚ್ಚರವಾಗಿಡುವ ತಂತ್ರಾಂಶಗಳು. ಕುಣಿಯುವ ಜಾಹೀರಾತಿರುವ ಪುಟವನ್ನು ತೆರೆದಿಟ್ಟ ಬ್ರೌಸರು, ಚಲಿಸುವ ಹಿನ್ನೆಲೆ ಚಿತ್ರ, ಮುಗಿದ ಮೇಲೂ ಮೆಮೊರಿ ಬಿಡದ ಲೆಕ್ಕದ ಕಾರ್ಯಕ್ರಮ. ಎನ್‌ವಿಟಾಪ್ ಇವುಗಳ ಹೆಸರು ಹೇಳುತ್ತದೆ. ಬಣ್ಣಬಣ್ಣದ ಸ್ಕ್ರೀನ್‌ಸೇವರನ್ನು ಈಗಲೂ ಇಟ್ಟುಕೊಂಡವರಿದ್ದಾರೆ. ಅದು ಉಳಿಸುವುದು ಏನನ್ನೂ ಇಲ್ಲ, ಕಾರ್ಡಿಗೆ ಹೊಸ ಕೆಲಸ ಕೊಡುತ್ತದೆ. ಐದು ನಿಮಿಷಕ್ಕೆ ಪರದೆ ಆರುವಂತೆ ಮಾಡಿ. ಎಲ್‌ಇಡಿ ಪರದೆಯೇ ಇಪ್ಪತ್ತು ವ್ಯಾಟಿನಷ್ಟು ತಿನ್ನುತ್ತದೆ.

ಪರದೆಯಿಲ್ಲದೆ ಲೆಕ್ಕಕ್ಕೆಂದೇ ಇಟ್ಟ ಎನ್ವಿಡಿಯಾ ಗಣಕಗಳಲ್ಲಿ ಒಂದು ವಿಚಿತ್ರವಿದೆ. ಯಾವ ಕಾರ್ಯಕ್ರಮವೂ ಇಲ್ಲದಾಗ ಡ್ರೈವರು ಕಾರ್ಡಿನ ಕೈಬಿಡುತ್ತದೆ, ಆಗ ಕೆಲವು ಕಾರ್ಡುಗಳು ವಿಶ್ರಾಂತಿಗೆ ಇಳಿಯುವುದಿಲ್ಲ. 'ಪರ್ಸಿಸ್ಟೆನ್ಸ್' ಸೇವೆಯನ್ನು ಚಾಲೂ ಮಾಡಿದರೆ ಪಿ8ಕ್ಕೆ ಬರುತ್ತವೆ. ಇಂಟೆಲ್‌ನ 2022ರ ಆರ್ಕ್ ಕಾರ್ಡುಗಳದ್ದು ಮತ್ತೊಂದು ಬಗೆ. ಬಯಾಸ್‌ನಲ್ಲಿ ಎಎಸ್‌ಪಿಎಂ ಎಂಬ ತಂತಿ ವಿಶ್ರಾಂತಿಯ ಅನುಕೂಲವನ್ನು ತೆರೆದು, ಲಿನಕ್ಸಿನಲ್ಲೂ ಅದರ ನೀತಿಯನ್ನು 'ಪವರ್‌ಸೇವ್'ಗೆ ಇಡದಿದ್ದರೆ ಅವು ಇಳಿಯುವುದೇ ಇಲ್ಲ. ಬಯಾಸ್‌ನಲ್ಲಿ ಎಎಸ್‌ಪಿಎಂ ತೆರೆಯಬೇಕೆಂಬ ಸೂಚನೆಯನ್ನು ಇಂಟೆಲ್ ಕಂಪನಿಯೇ ಕೊಟ್ಟಿದೆ.

ಮಾಡಬಾರದ್ದನ್ನೂ ಹೇಳಬೇಕು. ಕಾರ್ಡಿನ ಗರಿಷ್ಠ ವಿದ್ಯುತ್ ಮಿತಿಯನ್ನು ತಗ್ಗಿಸಿದರೆ ಸುಮ್ಮನಿರುವಾಗಲೂ ಉಳಿತಾಯವೆಂದು ಹಲವರು ಬರೆಯುತ್ತಾರೆ. ಆ ಮಿತಿ ಮಾಳಿಗೆಯ ಎತ್ತರ, ನಮ್ಮ ತೊಂದರೆ ಇರುವುದು ನೆಲದಲ್ಲಿ. ಆಟವಾಡುವಾಗ ಅದು ಪ್ರಯೋಜನಕ್ಕೆ ಬರುತ್ತದೆ, ಇಲ್ಲಿ ಬರದು. ಎಎಂಡಿ ಕಾರ್ಡಿಗೆ 'ಲೋ' ಎಂದು ಬಲವಂತದ ಆಜ್ಞೆ ಬರೆದು ಕಡಿಮೆ ವೇಗಕ್ಕೆ ಕಟ್ಟಿಹಾಕಲೂ ಬರುತ್ತದೆ. ರೋಗ ಪತ್ತೆಗೆ ಒಮ್ಮೆ ಮಾಡಿ ನೋಡಬಹುದು. ಆದರೆ ಅದನ್ನೇ ಕಾಯಂ ಮಾಡಿದರೆ ಪರದೆ ಮಿನುಗಬಹುದು, ಕೆಲಸ ಎಳೆಯಬಹುದು. ಕೆಲಸ ಎಳೆದಷ್ಟೂ ಇಡೀ ಗಣಕ ಹೆಚ್ಚು ಹೊತ್ತು ಉರಿಯುತ್ತದೆ. ನೋಡಿ ಮುಗಿದ ಮೇಲೆ 'ಆಟೊ' ಎಂದು ಮರಳಿ ಬರೆಯಿರಿ.

ಊಟಕ್ಕೆ, ತೋಟಕ್ಕೆ ಹೋಗುವಾಗ ಗಣಕವನ್ನೇ ಸಸ್ಪೆಂಡ್ ಮಾಡಿ. ಒಳ್ಳೆಯ ಗಣಕ ಆ ಸ್ಥಿತಿಯಲ್ಲಿ ಕೆಲವೇ ವ್ಯಾಟ್ ಬಳಸುತ್ತದೆ. ಇಷ್ಟು ಹೊತ್ತು ಹೇಳಿದ ಸೂಕ್ಷ್ಮಗಳೆಲ್ಲ ಗಣಕ ಎಚ್ಚರವಿರಲೇಬೇಕಾದ ಗಂಟೆಗಳಿಗಾಗಿ.

ಹಾಗಾದರೆ ಹೊಸ, ಮಿತಬಳಕೆಯ ಕಾರ್ಡು ಕೊಂಡರೆ ಆಗದೇ ಎಂದು ಹುಡುಗರು ಕೇಳುವುದುಂಟು. ಹತ್ತು ವ್ಯಾಟ್ ಉಳಿಸಲು ಕೊಂಡ ಕಾರ್ಡು, ದಿನಕ್ಕೆ 8 ಗಂಟೆಯ ಬಳಕೆಯಲ್ಲಿ ವರ್ಷಕ್ಕೆ ಉಳಿಸುವುದು 20 ಯೂನಿಟ್ಟು. ಅದನ್ನು ತಯಾರಿಸಲು ಅಗೆದ ಲೋಹ, ಬಳಸಿದ ನೀರು, ಸಾಗಿಸಿದ ಹಡಗು, ಕೊನೆಗೆ ಗುಜರಿಗೆ ಹೋಗುವ ಹಳೆಯ ಕಾರ್ಡು ಇವೆಲ್ಲವನ್ನೂ ಎದುರಿನ ತಟ್ಟೆಯಲ್ಲಿಟ್ಟರೆ ನನಗೆ ಆ ಕೊಳ್ಳುವಿಕೆ ಸಮರ್ಥನೀಯವೆನಿಸುವುದಿಲ್ಲ. ಕಾರ್ಡಿನ ಅಗತ್ಯವೇ ಇಲ್ಲದ ಗಣಕವಾದರೆ ಅದನ್ನು ಕಳಚಿ ಡಬ್ಬಿಯಲ್ಲಿಡಿ. ಬೇಕಾದವರಿಗೆ ಕೊಡಿ. ಕಳಚಿದ ಕಾರ್ಡು ಸೊನ್ನೆ ವ್ಯಾಟ್ ಬಳಸುತ್ತದೆ, ಅದಕ್ಕೆ ಯಾವ ಆಜ್ಞೆಯೂ ಬೇಡ.

ಮಾಪಕವೊಂದು ಇಲ್ಲಿ ಮೇಜಿನ ಮೇಲಿದೆ. ಗಣಕವಿರುವ ಮನೆಯವರು ಒಬ್ಬೊಬ್ಬರೂ ಎರಡು ದಿನ ಇಟ್ಟುಕೊಂಡು ಮುಂದಿನವರಿಗೆ ದಾಟಿಸಬಹುದು. ಬದಲಾವಣೆಗೆ ಮೊದಲಿನ ಅಂಕಿ, ನಂತರದ ಅಂಕಿ, ಕಾರ್ಡಿನ ಹೆಸರು, ಪರದೆಗಳ ವೇಗ ಈ ನಾಲ್ಕನ್ನು ಜೊತೆಗಿರುವ ನೋಟುಪುಸ್ತಕದಲ್ಲಿ ಬರೆಯಿರಿ. ಹಳ್ಳದ ವಿದ್ಯುತ್ ಬಳಸುವವರು ತಿಂಗಳನ್ನೂ ಬರೆದರೆ ಒಳ್ಳೆಯದು.